ಹಲ್ಲು ಕಿತ್ತಾಯ್ತು, ಮುಂದೆ?

ಡಾಕ್ಟರ ಕುರ್ಚಿಯಲ್ಲಿ ಅರ್ಧ ಗಂಟೆ, ಮನೆಯಲ್ಲಿ ಒಂದು ವಾರ. ಹಲ್ಲಿನ ಎಷ್ಟೋ ಚಿಕಿತ್ಸೆಗಳು ಕೆಡುವುದು ಈ ಎರಡನೆಯ ಪಾಳಿಯಲ್ಲಿ. ಉಗುಳಬೇಡಿ, ಕೆದಕಬೇಡಿ, ನೋವು ಹೋಯಿತೆಂದು ಮರೆಯಲೂಬೇಡಿ!

ಮಧ್ಯಾಹ್ನ ಮೂರರ ಬಿಸಿಲು. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣ. ಕಿಟಕಿ ಪಕ್ಕದ ಸೀಟಿನಲ್ಲಿ ಸೆರಗಿನಿಂದ ಎಡಗೆನ್ನೆ ಒತ್ತಿಹಿಡಿದು ಕೂತ ಹೆಂಗಸು. ಕಂಡಕ್ಟರ್ "ಎಲ್ಲಿಗಮ್ಮಾ?" ಎಂದರೆ ಮಾತಿಲ್ಲ. ಪಕ್ಕದಲ್ಲಿರುವ ಮಗ ಊರಿನ ಹೆಸರು ಹೇಳುತ್ತಾನೆ. ಬಾಯಲ್ಲಿ ಹತ್ತಿ ಇದೆ.

ಬಸ್ಸು ಊರು ದಾಟುವಷ್ಟರಲ್ಲಿ ಆಕೆ ಎರಡು ಸಲ ಕಿಟಕಿಯಾಚೆ ಉಗುಳುತ್ತಾಳೆ. ಉಗುಳು ಕೆಂಪಗಿದೆ. ಗಾಬರಿಯಾಗಿ ಹತ್ತಿ ತೆಗೆದು ಎಸೆಯುತ್ತಾಳೆ. ಬಾಟಲಿ ನೀರಿನಿಂದ ಬಾಯಿ ಮುಕ್ಕಳಿಸುತ್ತಾಳೆ. ಹಿಂದಿನ ಸೀಟಿನ ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿ ಲವಂಗ ಹುಡುಕಿ ಕೊಡುತ್ತಾರೆ: "ಇದನ್ನ ಕಚ್ಚಿ ಹಿಡ್ಕೊ ತಾಯಿ, ನೋವು ಓಡೋಗುತ್ತೆ."

ಹಲ್ಲಿನ ಆಸ್ಪತ್ರೆ ಇರುವ ಯಾವ ಊರಿನಿಂದ ಹೊರಟ ಬಸ್ಸಿನಲ್ಲೂ ಇಂಥ ದೃಶ್ಯ ಕಾಣಬಹುದು. ಎಲ್ಲರದೂ ಒಳ್ಳೆಯ ಮನಸ್ಸೇ. ಆದರೆ ಹಲ್ಲು ಕೀಳಿಸಿಕೊಂಡ ಮೊದಲ ಗಂಟೆಯಲ್ಲಿ ಏನೇನು ಮಾಡಬಾರದೋ ಅಷ್ಟೂ ಅಲ್ಲಿ ನಡೆದುಹೋಗಿದೆ.

ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ. ಯುಗಾದಿಯ ಆಸುಪಾಸಿನಲ್ಲಿ, ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಬರುತ್ತದೆ. ರಜೆ ಸಿಕ್ಕಿತೆಂದು ಮಕ್ಕಳ ಹುಳುಕು ಹಲ್ಲು, ದೊಡ್ಡವರ ಮುಂದೂಡಿದ ರೂಟ್ ಕೆನಾಲ್, ಅಜ್ಜನ ಹಲ್ಲಿನ ಸೆಟ್ಟು ಎಲ್ಲಕ್ಕೂ ಮುಹೂರ್ತ ಕೂಡಿಬರುವುದು ಈ ದಿನಗಳಲ್ಲೇ. ಚಿಕಿತ್ಸೆ ಎಲ್ಲಿ ಮಾಡಿಸಬೇಕು, ಎಷ್ಟು ಖರ್ಚು ಎಂದು ಹತ್ತು ಜನರನ್ನು ಕೇಳುತ್ತೇವೆ. ಮನೆಗೆ ಬಂದ ಮೇಲೆ ಏನು ಮಾಡಬೇಕೆಂದು ಕೇಳುವವರು ಕಡಿಮೆ.

ಕುಳಿಯೊಳಗಿನ ಕೆಂಪು ಮುಚ್ಚಳ

ಹಲ್ಲು ಕಿತ್ತ ಜಾಗದಲ್ಲಿ ಉಳಿಯುವುದು ಒಂದು ಕುಳಿ. ಅದರ ಗೋಡೆ ದವಡೆಯ ಮೂಳೆ. ಕೆಲವೇ ನಿಮಿಷಗಳಲ್ಲಿ ರಕ್ತ ಅದನ್ನು ತುಂಬಿ, ಗಟ್ಟಿಯಾಗಿ, ಕಡುಗೆಂಪು ಮುಚ್ಚಳವಾಗುತ್ತದೆ. ಮುಂದಿನ ವಾಸಿಯೆಲ್ಲ ಈ ಮುಚ್ಚಳದ ಕೆಳಗೇ ನಡೆಯಬೇಕು. ಸುಮಾರು ಒಂದು ವಾರದಲ್ಲಿ ಅಲ್ಲಿ ಹೊಸ ಅಂಗಾಂಶ ಚಿಗುರುತ್ತದೆ. ಮೂರು ನಾಲ್ಕು ವಾರಗಳಲ್ಲಿ ವಸಡು ಮೇಲಿನಿಂದ ಕೂಡಿಕೊಳ್ಳುತ್ತದೆ. ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು.

ಡಾಕ್ಟರು ಬಾಯಲ್ಲಿಟ್ಟ ಹತ್ತಿ ಅಥವಾ ಗಾಜ್ ಬಟ್ಟೆ ರಕ್ತ ಹೀರಲೆಂದು ಇಟ್ಟದ್ದೆಂದು ಹಲವರು ತಿಳಿದಿದ್ದಾರೆ. ಅದರ ಮುಖ್ಯ ಕೆಲಸ ಒತ್ತಡ ಕೊಡುವುದು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅದನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು. ಹೇಗಿದೆಯೋ ಎಂದು ಐದೈದು ನಿಮಿಷಕ್ಕೆ ತೆಗೆದು ನೋಡುವಂತಿಲ್ಲ. ಹೆಪ್ಪು ಹಾಕಿದ ಹಾಲನ್ನು ಪದೇ ಪದೇ ಅಲುಗಾಡಿಸಿದರೆ ಮೊಸರು ಕೂರುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ.

ಉಗುಳುವಾಗ ಬಾಯಿಯೊಳಗೆ ಎಳೆತ ಹುಟ್ಟುತ್ತದೆ. ಆ ಎಳೆತಕ್ಕೆ ಎಳಸು ಮುಚ್ಚಳ ಕಿತ್ತುಬರುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿದರೂ, ಬೀಡಿ ಎಳೆದರೂ ಇದೇ ಕಥೆ. ಆದ್ದರಿಂದ ಮೊದಲ 24 ಗಂಟೆ ಬಾಯಿ ಮುಕ್ಕಳಿಸುವುದೂ ಇಲ್ಲ, ಉಗುಳುವುದೂ ಇಲ್ಲ. ಜೊಲ್ಲು ನುಂಗಿಬಿಡಬೇಕು. ರಕ್ತ ಬೆರೆತ ಜೊಲ್ಲು ನುಂಗುವುದೆಂದರೆ ಅಸಹ್ಯವಾಗುತ್ತದೆ ನಿಜ. ಆದರೆ ಒಂದು ತೊಟ್ಟು ರಕ್ತ ಬಾಯಿ ತುಂಬಾ ಜೊಲ್ಲನ್ನು ಕೆಂಪಾಗಿಸಬಲ್ಲದು. ಮರುದಿನ ದಿಂಬಿನ ಮೇಲೆ ನಸುಗೆಂಪು ಕಲೆ ಕಂಡರೆ ಹೆದರಬೇಕಿಲ್ಲ.

ತೊಟ್ಟಿಕ್ಕುವುದು ನಿಲ್ಲದಿದ್ದರೆ ಶುಭ್ರವಾದ ಗಾಜ್ ಬಟ್ಟೆಯನ್ನು ಮಡಚಿ, ತುಸು ಒದ್ದೆ ಮಾಡಿ, ಸರಿಯಾಗಿ ಕುಳಿಯ ಮೇಲೆ ಇಟ್ಟುಕೊಂಡು ಇನ್ನೂ ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಗಾಜ್ ಇಲ್ಲದಿದ್ದರೆ ನೆನೆಸಿ ಹಿಂಡಿದ ಟೀ ಬ್ಯಾಗ್ ಆದೀತು. ಚಹಾದಲ್ಲಿರುವ ಟ್ಯಾನಿನ್ ರಕ್ತ ಕಟ್ಟಲು ನೆರವಾಗುತ್ತದೆ. ಅದಕ್ಕೂ ನಿಲ್ಲದಿದ್ದರೆ ರಾತ್ರಿಯಾಯಿತೆಂದು ಸಂಕೋಚಪಡದೆ ಡಾಕ್ಟರಿಗೆ ಫೋನ್ ಮಾಡಿ.

ಮೂರನೆಯ ದಿನದ ನೋವು

ಎರಡು ಮೂರು ದಿನ ಕಳೆಯುವ ಹೊತ್ತಿಗೆ ಕನ್ನಡಿಯಲ್ಲಿ ನೋಡಿದರೆ ಕುಳಿಯ ಮೇಲೆ ಹಳದಿ ಬೆರೆತ ಬಿಳಿ ಪೊರೆ ಕಾಣುತ್ತದೆ. 'ಕೀವು ಕಟ್ಟಿದೆ' ಎಂದು ಹೌಹಾರಿ ಬೆಂಕಿಕಡ್ಡಿಯಿಂದಲೋ ಪಿನ್ನಿನಿಂದಲೋ ಕೆದಕುವವರಿದ್ದಾರೆ. ನೋವು ಹೆಚ್ಚಿಲ್ಲ, ಊತ ಹೆಚ್ಚಿಲ್ಲ ಎಂದರೆ ಅದು ಗಾಯ ಮಾಯುವ ಲಕ್ಷಣ. ಬಾಯಿಯ ತೇವದಲ್ಲಿ ಹಕ್ಕಳೆ ಕಟ್ಟುವುದೇ ಹಾಗೆ. ದಯವಿಟ್ಟು ಮುಟ್ಟಬೇಡಿ.

ಹೆದರಬೇಕಾದ್ದು ಬೇರೆ ಇದೆ. ಎರಡನೆಯ ದಿನ ಪರವಾಗಿಲ್ಲ ಎನ್ನುವಂತಿದ್ದ ನೋವು ಮೂರನೆಯ ದಿನ ಒಮ್ಮೆಗೇ ಕೆರಳುತ್ತದೆ. ಕಿವಿ, ಕಣತಲೆಯವರೆಗೆ ಸಿಡಿಯುತ್ತದೆ. ಮಾತ್ರೆಗೆ ಜಗ್ಗುವುದಿಲ್ಲ. ಬಾಯಿ ನಾರುತ್ತದೆ. ಕುಳಿ ನೋಡಿದರೆ ಖಾಲಿ, ತಳದಲ್ಲಿ ಬಿಳಿಚಿದ ಮೂಳೆ. ಮುಚ್ಚಳ ಕಳಚಿಬಿದ್ದು ಗಾಳಿ, ನೀರು, ಅನ್ನದ ಅಗುಳು ಎಲ್ಲವೂ ಬರಿಯ ಮೂಳೆಗೆ ತಾಕುತ್ತಿರುತ್ತವೆ. ಇದನ್ನು ಡಾಕ್ಟರುಗಳು 'ಡ್ರೈ ಸಾಕೆಟ್' ಎನ್ನುತ್ತಾರೆ. ವೈದ್ಯಲೋಕದಲ್ಲಿ 1896ರಿಂದಲೂ ಇದರ ವಿವರಣೆ ಇದೆ. ಸಾಧಾರಣವಾಗಿ ಕಿತ್ತ ಹಲ್ಲುಗಳಲ್ಲಿ ನೂರಕ್ಕೆ ಎರಡರಿಂದ ಐದರಲ್ಲಿ ಕಾಣಿಸಿಕೊಳ್ಳುತ್ತದೆ. ಕೆಳದವಡೆಯ ಬುದ್ಧಿಹಲ್ಲು ತೆಗೆಸಿದವರಲ್ಲಿ ಇನ್ನೂ ಹೆಚ್ಚು. ಬೀಡಿ, ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಅಪಾಯ ಜಾಸ್ತಿ.

ಇದಕ್ಕೆ ಮನೆಮದ್ದಿಲ್ಲ. ಡಾಕ್ಟರ ಬಳಿಗೆ ಹೋದರೆ ಕುಳಿ ತೊಳೆದು ಔಷಧಿ ಬತ್ತಿ ಇಡುತ್ತಾರೆ. ಬಹಳ ಬೇಗ ನೋವು ತಗ್ಗುತ್ತದೆ. ಆ ಬತ್ತಿಯಲ್ಲಿ ಎಷ್ಟೋ ಸಲ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಇರುತ್ತದೆ. ಹಾಗಾದರೆ ಅಜ್ಜಿಯ ಲವಂಗ ತಪ್ಪೇನು ಎಂದು ಕೇಳಬಹುದು. ಹುಳುಕು ಹಲ್ಲಿನ ನೋವಿಗೆ ಲವಂಗ ತಾತ್ಕಾಲಿಕ ಸಮಾಧಾನ ಕೊಡುವುದು ನಿಜ. ಹಸಿ ಗಾಯಕ್ಕೆ ನೇರವಾಗಿ ಲವಂಗದೆಣ್ಣೆ ಹಚ್ಚಿದರೆ ವಸಡು ಸುಡುತ್ತದೆ. ಲವಂಗದ ಚೂರು ಕುಳಿಯೊಳಗೆ ಕೂತರೆ ಅದೂ ತೊಂದರೆಯೇ. ಕಡ್ಡಿಪುಡಿ, ನಶ್ಯ, ಇದ್ದಿಲ ಪುಡಿ, ಅರಿಶಿನ ಯಾವುದನ್ನೂ ಅಲ್ಲಿ ತುಂಬಕೂಡದು.

> ಗಡಿಯಾರ ನೋಡಿ
>
> ಮೊದಲ 2–4 ಗಂಟೆ: ತುಟಿ, ಕೆನ್ನೆ ಮರಗಟ್ಟಿರುತ್ತದೆ. ಏನನ್ನೂ ಅಗಿಯಬೇಡಿ, ಬಿಸಿ ಕುಡಿಯಬೇಡಿ. ಡಾಕ್ಟರು ಬರೆದ ನೋವಿನ ಮಾತ್ರೆಯನ್ನು ಜೋಮು ಇಳಿಯುವ ಮೊದಲೇ ತೆಗೆದುಕೊಳ್ಳಿ.
>
> ಮೊದಲ ದಿನ: ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಕೆನ್ನೆಯ ಹೊರಗೆ ಹತ್ತು ಹದಿನೈದು ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ. ಇನ್ನೊಂದು ದಿಂಬು ಸೇರಿಸಿ ತಲೆ ಎತ್ತರಿಸಿ ಮಲಗಿ. ಹೊಲ, ಗದ್ದೆ, ಜಿಮ್ ಯಾವುದರ ಭಾರದ ಕೆಲಸವೂ ಬೇಡ.
>
> ಎರಡನೆಯ ದಿನದಿಂದ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಊಟವಾದ ಮೇಲೆಲ್ಲ ಬಾಯಲ್ಲಿ ಹಿಡಿದು, ಮೆಲ್ಲಗೆ ತಲೆ ವಾಲಿಸಿ, ಹೊರಗೆ ಬೀಳಲು ಬಿಡಿ.
>
> ಎರಡು–ಮೂರನೆಯ ದಿನ: ಊತ ಅತಿ ಹೆಚ್ಚಿರುವ ಹೊತ್ತು. ಆಮೇಲೆ ಇಳಿಯಬೇಕು.
>
> ಸುಮಾರು ಏಳನೆಯ ದಿನ: ಹೊಲಿಗೆ ಹಾಕಿದ್ದರೆ ಬಿಚ್ಚಿಸುವ ದಿನ.

ಮುದ್ದೆಯೂ ಆದೀತು, ರೊಟ್ಟಿ ಬೇಡ

'ಮೃದು ಆಹಾರ ಸೇವಿಸಿ' ಎಂದು ಚೀಟಿಯಲ್ಲಿ ಬರೆದಿರುತ್ತದೆ. ನಮ್ಮ ಮನೆಗಳಲ್ಲಿ ಅದಕ್ಕೆ ಬ್ರೆಡ್, ಬನ್ನು ಎಂದಷ್ಟೇ ಅರ್ಥ ಮಾಡಿಕೊಳ್ಳುತ್ತಾರೆ. ಮೆದುವಾದ, ತಣ್ಣಗಿನ ಊಟಕ್ಕೆ ಕರ್ನಾಟಕದಲ್ಲಿ ಬರವಿಲ್ಲ. ಒಗ್ಗರಣೆಯಿಲ್ಲದ ಮೊಸರನ್ನ, ತಣಿದ ರಾಗಿ ಅಂಬಲಿ, ಗಂಜಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಬೆಂದ ಬಾಳೆಹಣ್ಣು, ಸಿಹಿ ಕಡಿಮೆಯ ಶ್ಯಾವಿಗೆ ಪಾಯಸ. ಹಳೆ ಮೈಸೂರಿನವರಿಗೆ ಇನ್ನೂ ಸುಲಭ. ಮುದ್ದೆಯನ್ನು ಹೇಗೂ ಅಗಿಯುವುದಿಲ್ಲ, ನುಂಗುವುದೇ. ಆದರೆ ಹೊಗೆಯಾಡುವ ಮುದ್ದೆ, ಖಾರದ ಸಾರು ಮೊದಲ ದಿನ ಬೇಡ. ಆರಲು ಬಿಟ್ಟು, ಮಜ್ಜಿಗೆಯ ಜೊತೆ ತಿನ್ನಲಿ.

ಉತ್ತರ ಕರ್ನಾಟಕದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿಯಿಂದ ವಾರ ಕಾಲ ದೂರವಿದ್ದರೆ ಒಳ್ಳೆಯದು. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿದರೆ ಊಟಕ್ಕೆ ಊಟ, ಗಾಯಕ್ಕೂ ತಂಪು. ಮಂಡಕ್ಕಿ, ಚಕ್ಕುಲಿ, ಚುರುಮುರಿ, ಸಾಸಿವೆ ಕಾಳು ಇವೆಲ್ಲ ಕುಳಿಯೊಳಗೆ ಹೊಕ್ಕರೆ ತೆಗೆಯುವುದು ಕಷ್ಟ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಾಯಿ ನೋವೆಂದು ಊಟ ಬಿಟ್ಟು, ಇನ್ಸುಲಿನ್ ಅಥವಾ ಮಾತ್ರೆಯನ್ನು ಮಾತ್ರ ಎಂದಿನಂತೆ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅವರ ಊಟದ ಹೊತ್ತು ತಪ್ಪದಂತೆ ಮನೆಯವರೇ ನೋಡಿಕೊಳ್ಳಬೇಕು. ಹಾಗೆಯೇ ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ರಕ್ತ ನಿಲ್ಲಲಿಲ್ಲವೆಂದು ತಾವಾಗಿಯೇ ಅದನ್ನು ಬಿಡಬಾರದು. ಹಲ್ಲಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು. ಹೃದಯದಲ್ಲೋ ಮೆದುಳಿನಲ್ಲೋ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು.

ಎಲೆಅಡಿಕೆ? ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ನಾಡಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಹೊಗೆಸೊಪ್ಪು ಸೇರಿದರಂತೂ ಅಪಾಯ ಇನ್ನಷ್ಟು. ಹಸಿ ಗಾಯಕ್ಕೆ ಸುಣ್ಣ, ಅಡಿಕೆ ಚೂರು, ಹೊಗೆಸೊಪ್ಪು ಮೂರೂ ಶತ್ರುಗಳು. ಹಲ್ಲು ಕೀಳಿಸಿದ ನೆಪದಲ್ಲಿ ಒಂದು ವಾರ ಬಿಟ್ಟವರು ಹಾಗೆಯೇ ಬಿಟ್ಟೇಬಿಟ್ಟರೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ.

ಮಗುವಿನ ತುಟಿ

ಇಂದು ಹಲ್ಲಿನ ಡಾಕ್ಟರುಗಳು ಕೊಡುವ ಮರಗಟ್ಟಿಸುವ ಚುಚ್ಚುಮದ್ದು ಬಹುತೇಕ ಲಿಗ್ನೊಕೇನ್. ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ 1943ರಲ್ಲಿ ತಯಾರಿಸಿದ ಈ ಔಷಧಿ ಹಲ್ಲಿನ ಕುರ್ಚಿಯ ಭಯವನ್ನೇ ಅರ್ಧ ಮಾಡಿತು. ದೊಡ್ಡವರಿಗೆ ಅದರ ಜೋಮು ಬರೀ ಕಿರಿಕಿರಿ. ಮಕ್ಕಳಿಗೆ ಅದೇ ಆಟ. ದಪ್ಪಗಾದಂತೆ ಅನ್ನಿಸುವ ತುಟಿಯನ್ನು ಕಚ್ಚಿ ನೋಡುತ್ತಾರೆ, ಚೀಪುತ್ತಾರೆ, ಅಗಿಯುತ್ತಾರೆ. ನೋವಿಲ್ಲವಾದ್ದರಿಂದ ನಿಲ್ಲಿಸುವುದಿಲ್ಲ.

ಮರುದಿನ ಬೆಳಗ್ಗೆ ಕೆಳತುಟಿ ಊದಿಕೊಂಡು, ಒಳಮೈಯಲ್ಲಿ ಬಿಳಿ ಹುಣ್ಣು ಎದ್ದಿರುತ್ತದೆ. ಚುಚ್ಚುಮದ್ದು ನಂಜಾಯಿತು ಎಂದು ತಾಯಿ ತಂದೆ ಗಾಬರಿಯಿಂದ ಓಡಿಬರುತ್ತಾರೆ. ಸಾಮಾನ್ಯವಾಗಿ ಅದು ಒಂದೆರಡು ವಾರದಲ್ಲಿ ತಾನಾಗಿಯೇ ಮಾಯುತ್ತದೆ. ಆದರೆ ಅಷ್ಟು ದಿನ ಮಗು ಉರಿ ತಿನ್ನುವುದೇಕೆ? ಜೋಮು ಇಳಿಯುವವರೆಗೆ ಎರಡು ಮೂರು ಗಂಟೆ ಮಗುವಿನ ಪಕ್ಕದಲ್ಲಿ ಕೂತು ತುಟಿ ಕಾಯುವುದು ದೊಡ್ಡವರ ಕೆಲಸ. ಆಗ ಮೊಬೈಲ್ ಕೊಟ್ಟು ನೀವು ಅಡುಗೆಮನೆಗೆ ಹೋಗಬೇಡಿ.

ನೋವು ಹೋಯಿತು, ಆಸ್ಪತ್ರೆಯೂ ಮರೆಯಿತು

ಹಲ್ಲು ಕೀಳಿಸಿದವರಾದರೂ ಗಾಯ ನೋಡಿ ಎಚ್ಚರವಿರುತ್ತಾರೆ. ರೂಟ್ ಕೆನಾಲ್ ಮಾಡಿಸಿದವರ ಕಥೆ ಹಾಗಲ್ಲ, ಅಲ್ಲಿ ಕಾಣುವ ಗಾಯವೇ ಇಲ್ಲ. ಈ ಚಿಕಿತ್ಸೆಯಲ್ಲಿ ಹಲ್ಲಿನೊಳಗಿನ ಕೊಳೆತ ನರವನ್ನು ತೆಗೆದು, ಬೇರಿನ ನಾಳಗಳನ್ನು ತೊಳೆದು, ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಮೆತ್ತುತ್ತಾರೆ. ನಿದ್ದೆಗೆಡಿಸಿದ ನೋವು ಮೊದಲ ಸಿಟ್ಟಿಂಗ್‌ಗೇ ಮಾಯ. 'ಮುಂದಿನ ವಾರ ಬನ್ನಿ' ಎಂದ ಡಾಕ್ಟರ ಮಾತೂ ಅದರ ಜೊತೆಗೇ ಮಾಯ.

ಈ ಇಡೀ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು ಇದೇ. ನೋವು ಹೋದದ್ದು ನರ ಹೋದದ್ದರಿಂದ. ಕೆಲಸ ಇನ್ನೂ ಅರ್ಧ ಬಾಕಿ ಇದೆ. ತಾತ್ಕಾಲಿಕ ಸಿಮೆಂಟ್ ಕೆಲವು ವಾರಗಳಲ್ಲೇ ಸವೆದು ಸೋರಲು ಶುರುವಾಗುತ್ತದೆ. ಜೊಲ್ಲಿನ ಜೊತೆ ರೋಗಾಣುಗಳು ನಾಳದೊಳಗೆ ಇಳಿಯುತ್ತವೆ. ನರವಿಲ್ಲದ ಹಲ್ಲು ಎಚ್ಚರಿಸುವುದಿಲ್ಲ. ಬೇರಿನ ತುದಿಯಲ್ಲಿ ಸದ್ದಿಲ್ಲದೆ ಕೀವು ಕಟ್ಟಿ, ಒಂದು ದಿನ ಮುಖ ಊದಿಕೊಂಡಾಗಲೇ ಗೊತ್ತಾಗುವುದು.

ಕ್ಯಾಪ್ ವಿಷಯವೂ ಹೀಗೆಯೇ. 'ದುಡ್ಡು ಕೀಳಲು ಹೇಳುತ್ತಾರೆ' ಎಂಬ ಗುಮಾನಿ ಜನರಲ್ಲಿದೆ. ಹುಳುಕು ತಿಂದು, ಡಾಕ್ಟರು ಕೊರೆದು ಟೊಳ್ಳಾದ ದವಡೆಹಲ್ಲು ಅಗಿಯುವ ಭಾರ ತಡೆಯದೆ ಸೀಳುತ್ತದೆ. ಬೇರಿನವರೆಗೆ ಸೀಳಿದರೆ ಕೀಳದೆ ಬೇರೆ ದಾರಿಯಿಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದ ಹಲ್ಲುಗಳು ಕ್ಯಾಪ್ ಹಾಕಿಸಿದವಕ್ಕಿಂತ ಆರು ಪಟ್ಟು ವೇಗದಲ್ಲಿ ಕಳೆದುಹೋಗಿದ್ದವು. ಕ್ಯಾಪ್ ಆಗುವವರೆಗೆ ಆ ಬದಿಯಲ್ಲಿ ಕಡಲೆ, ಮೂಳೆ, ಕಬ್ಬು ಕಡಿಯಬೇಡಿ.

ಜನರನ್ನಷ್ಟೇ ದೂರುವುದು ಸರಿಯಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು. ಆಮೇಲೆ ರಾಜ್ಯದ ಬಹುತೇಕ ದೊಡ್ಡ ಊರುಗಳಿಗೂ ದಂತ ಕಾಲೇಜುಗಳು ಬಂದಿವೆ, ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಸಿಗುತ್ತದೆ. ಆದರೆ ಹಳ್ಳಿಯಿಂದ ಬರುವವರಿಗೆ ಮೂರು ಸಿಟ್ಟಿಂಗ್ ಎಂದರೆ ಮೂರು ದಿನ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ. ದಿನದ ಕೂಲಿ ಉಳಿದಿಲ್ಲ. ಮೊದಲ ದಿನವೇ 'ಒಟ್ಟು ಎಷ್ಟು ಸಲ ಬರಬೇಕು, ಒಟ್ಟು ಎಷ್ಟಾಗುತ್ತದೆ' ಎಂದು ಕೇಳಿ ಬರೆಸಿಕೊಳ್ಳುವುದು ಇದಕ್ಕಿರುವ ಒಳ್ಳೆಯ ಉಪಾಯ.

> ಹಲ್ಲಿನ ಸೆಟ್ಟು: ಹಿರಿಯರಿಗೊಂದು ಕಿವಿಮಾತು
>
> ರಾತ್ರಿ ತೆಗೆದು, ತೊಳೆದು, ತಣ್ಣೀರಿನ ಡಬ್ಬಿಯಲ್ಲಿಡಿ. ವಸಡಿಗೂ ವಿಶ್ರಾಂತಿ ಬೇಕು. ಕುದಿನೀರು ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ.
>
> ಉಜ್ಜಲು ಮೆದು ಬ್ರಷ್, ಸಾಧಾರಣ ಸೋಪು ಸಾಕು. ಪೇಸ್ಟಿನ ತರಿ ಅದನ್ನು ಗೀರುತ್ತದೆ. ಕೈಜಾರಿದರೆ ಒಡೆಯದಂತೆ ನೀರು ತುಂಬಿದ ಬೇಸಿನ್ ಮೇಲೆ ಹಿಡಿದು ತೊಳೆಯಿರಿ.
>
> ಹೊಸ ಸೆಟ್ಟು ಕಚ್ಚಿ ಹುಣ್ಣಾದರೆ ಮನೆಯಲ್ಲಿ ಅರದಿಂದ ಉಜ್ಜಬೇಡಿ, ಡಾಕ್ಟರು ಸರಿಮಾಡಿಕೊಡುತ್ತಾರೆ. ಬಿಪಿಎಲ್ ಕುಟುಂಬದ ಹಿರಿಯರಿಗಾಗಿ ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಕ್ಲೀನ್ ಮಾಡಿಸಿದರೆ ಹಲ್ಲು ಅಲುಗುತ್ತದೆಯೇ?

'ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ' ಎಂಬುದು ಒಂದು ನಂಬಿಕೆ. ಸುಳ್ಳು. ಹಲ್ಲಿನ ನರಕ್ಕೂ ನೋಟದ ನರಕ್ಕೂ ಸಂಬಂಧವಿಲ್ಲ. 'ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ' ಎಂಬುದು ಇನ್ನೊಂದು. ಇದರ ಹಿಂದೆ ಒಂದು ಅನುಭವವಿದೆ. ವರ್ಷಗಟ್ಟಲೆ ಕಟ್ಟಿದ ಗಟ್ಟಿ ಪಾಚಿ ವಸಡನ್ನು ತಿಂದು, ಹಲ್ಲಿನ ಸಂದಿಯಲ್ಲಿ ತಾನೇ ತುಂಬಿಕೊಂಡಿರುತ್ತದೆ. ಅದನ್ನು ತೆಗೆದಾಗ ಅಡಗಿದ್ದ ಸಂದು ಕಾಣುತ್ತದೆ. ತಣ್ಣೀರು ತಾಕಿದರೆ ಕೆಲವು ದಿನ ಜುಮ್ಮೆನ್ನುತ್ತದೆ. ಹಲ್ಲನ್ನು ಸಡಿಲ ಮಾಡಿದ್ದು ಆ ಪಾಚಿಯೇ.

ಆಗ ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಡಬಹುದು. ಹಲ್ಲುಜ್ಜಿದ ಕೂಡಲೇ ಅದನ್ನು ಬಳಸಬೇಡಿ, ಪೇಸ್ಟಿನ ನೊರೆ ಔಷಧಿಯ ಶಕ್ತಿ ಕುಗ್ಗಿಸುತ್ತದೆ. ಅರ್ಧ ಗಂಟೆ ಬಿಡುವಿರಲಿ. ಎರಡು ವಾರಕ್ಕಿಂತ ಹೆಚ್ಚು ಕಾಲ, ಹೇಳದೆ ಕೇಳದೆ ಮುಂದುವರಿಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ನಾಲಿಗೆ ರುಚಿ ಕೆಡುತ್ತದೆ. ಕಾಫಿ, ಟೀ ಪ್ರಿಯರಿಗೆ ಕಲೆ ಇನ್ನೂ ಬೇಗ.

ಚಿಕಿತ್ಸೆ ಆಯಿತೆಂದು ವಾರವಿಡೀ ಹಲ್ಲುಜ್ಜದೆ ಇರುವವರೂ ಇದ್ದಾರೆ. ಹಲ್ಲು ಕಿತ್ತ ದಿನ ಸಂಜೆಯೂ ಉಳಿದ ಹಲ್ಲುಗಳನ್ನು ಮೆದು ಬ್ರಷ್ಷಿನಿಂದ ಉಜ್ಜಬೇಕು, ಗಾಯದ ಜಾಗವನ್ನಷ್ಟೇ ಬಿಡಬೇಕು. ಕೊಳಕು ಬಾಯಲ್ಲಿ ಯಾವ ಗಾಯವೂ ಚೆನ್ನಾಗಿ ಮಾಯುವುದಿಲ್ಲ.

> ತಡಮಾಡದೆ ಆಸ್ಪತ್ರೆಗೆ
>
> ಊತ ಮೂರನೆಯ ದಿನದ ನಂತರವೂ ಏರುತ್ತಿದ್ದರೆ, ಜ್ವರ ಬಂದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮರುದಿನವೂ ತುಟಿಯ ಜೋಮು ಇಳಿಯದಿದ್ದರೆ ಹಲ್ಲಿನ ಡಾಕ್ಟರನ್ನು ಕಾಣಿ.
>
> ಗದ್ದದ ಕೆಳಗೆ, ಕತ್ತಿನ ಕಡೆಗೆ ಊತ ಇಳಿದು, ನಾಲಿಗೆ ಮೇಲೆದ್ದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ತೆರೆಯಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಲ್ಲಿನ ಸೋಂಕು ಉಸಿರಿನ ದಾರಿ ಮುಚ್ಚಬಲ್ಲದು.

ಚೀಟಿ ಕನ್ನಡದಲ್ಲಿರಲಿ

ಮಾತ್ರೆಗಳ ವಿಷಯದಲ್ಲಿ ಹೇಳಬೇಕಾದ್ದು ಚಿಕ್ಕದು. ಬರೆದುಕೊಟ್ಟಷ್ಟು, ಬರೆದುಕೊಟ್ಟಷ್ಟು ದಿನ, ಹೇಳಿದ ಹೊತ್ತಿಗೆ. ಆ್ಯಂಟಿಬಯಾಟಿಕ್ ನೋವಿನ ಮಾತ್ರೆಯಲ್ಲ. ಕಳೆದ ವರ್ಷ ಉಳಿದದ್ದನ್ನು, ಪಕ್ಕದ ಮನೆಯವರಿಗೆ ಕೊಟ್ಟದ್ದನ್ನು ನುಂಗಬೇಡಿ. ಮೆಟ್ರೊನಿಡಜೋಲ್ ಬರೆದಿದ್ದರೆ ಮದ್ಯ ಮುಟ್ಟಕೂಡದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ನೋವಿನ ಮಾತ್ರೆ ಬರೆಸಿಕೊಳ್ಳುವ ಮೊದಲೇ ಡಾಕ್ಟರಿಗೆ ತಿಳಿಸಿ.

ಡಾಕ್ಟರುಗಳಲ್ಲೂ ಒಂದು ಮನವಿ. ಎಷ್ಟೋ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆಯ ನಂತರದ ಸೂಚನೆ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಬಾಯಲ್ಲಿ ಹತ್ತಿ, ತಲೆಯಲ್ಲಿ ಭಯ ತುಂಬಿಕೊಂಡವರಿಗೆ ಅವಸರದಲ್ಲಿ ಹೇಳಿದ ಮಾತು ನೆನಪಿರುವುದಿಲ್ಲ. ಅದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಜೊತೆಗೆ ಬಂದವರನ್ನು ಒಳಗೆ ಕರೆದು ಹೇಳಿ. ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಬರೆದುಕೊಡಿ.

ಓದುಗರಲ್ಲಿ ಕೇಳುವುದು ಒಂದೇ. ಅರ್ಧಕ್ಕೆ ನಿಂತ ರೂಟ್ ಕೆನಾಲ್, ಹಾಕಿಸದೆ ಉಳಿದ ಕ್ಯಾಪ್, ಬಿಚ್ಚಿಸದ ಹೊಲಿಗೆ ನಿಮ್ಮ ಮನೆಯಲ್ಲಿ ಯಾರ ಬಾಯಲ್ಲಾದರೂ ಇದೆಯೇ ಎಂದು ಇವತ್ತೇ ವಿಚಾರಿಸಿ. ಇದ್ದರೆ ಈ ವಾರವೇ ಕರೆದುಕೊಂಡು ಹೋಗಿ.